ಉಪಮುಖ್ಯಮಂತ್ರಿ ಪದವಿಯೂ ಸಮುದಾಯ ಪ್ರಾತಿನಿಧ್ಯವೂ

ಉಪಮುಖ್ಯಮಂತ್ರಿ ಪದವಿಯೆಂಬುದು ಭಾರತದ ರಾಜ್ಯ ಸರ್ಕಾರಗಳಲ್ಲಿ ಮುಖ್ಯಮಂತ್ರಿಯ ಅನಂತರದ ಸ್ಥಾನವೆಂದು ಲೋಕರೂಢಿಯಿಂದ ಮಾನ್ಯವಾಗಿ, ಸಂವಿಧಾನದ ಯಾವ ವಿಧಿಯಲ್ಲಿಯೂ ಉಲ್ಲೇಖಗೊಳ್ಳದೆ, ರಾಜಕೀಯ ಪಕ್ಷಗಳು ತಮ್ಮೊಳಗಿನ ಬಣಗಳನ್ನೂ ಹೊರಗಿನ ಮತದಾರ ಸಮುದಾಯಗಳನ್ನೂ ಏಕಕಾಲದಲ್ಲಿ ಸಮಾಧಾನಪಡಿಸುವ ಸಲುವಾಗಿ ಬಳಸಿಕೊಂಡು ಬಂದಿರುವ ಪದವಿ. ಆಡುಮಾತಿನಲ್ಲಿ ಡಿಸಿಎಂ ಎಂದೇ ಪ್ರಸಿದ್ಧವಾದ ಈ ಸ್ಥಾನವು ಕರ್ನಾಟಕದಲ್ಲಿ 1990ರ ದಶಕದ ಆರಂಭದಿಂದ ಈಚೆಗೆ ಮಂತ್ರಿಮಂಡಲ ರಚನೆಯ ಒಂದು ಮುಖ್ಯ ಸಾಧನವಾಗಿ ಬೆಳೆದಿದ್ದು, ಯಾವ ಸಮುದಾಯದವರು ಮುಖ್ಯಮಂತ್ರಿಯಾದರೆ ಯಾವ ಸಮುದಾಯದವರು ಎರಡನೆಯ ಸ್ಥಾನದಲ್ಲಿರತಕ್ಕದ್ದು ಎಂಬ ಲೆಕ್ಕಾಚಾರ ಚುನಾವಣೆಯ ಫಲಿತಾಂಶ ಹೊರಬಿದ್ದ ದಿನವೇ, ಕೆಲವೊಮ್ಮೆ ಅದಕ್ಕೂ ಬಹು ಮೊದಲೇ, ಆರಂಭವಾಗುತ್ತದೆ.

ಸಂವಿಧಾನದ 163 ಮತ್ತು 164ನೆಯ ವಿಧಿಗಳು ಮುಖ್ಯಮಂತ್ರಿಯನ್ನೂ ಇತರ ಮಂತ್ರಿಗಳನ್ನೂ ಮಾತ್ರ ಹೇಳುತ್ತವೆ. ಆದಕಾರಣ ಉಪಮುಖ್ಯಮಂತ್ರಿಯಾದವರು ನ್ಯಾಯದೃಷ್ಟಿಯಲ್ಲಿ ಮಂತ್ರಿಯೊಬ್ಬರೇ ಹೊರತು ಬೇರೆಯಲ್ಲ. ಮುಖ್ಯಮಂತ್ರಿಯ ಅನುಪಸ್ಥಿತಿಯಲ್ಲಿ ತಾವಾಗಿಯೇ ಅಧಿಕಾರ ವಹಿಸಿಕೊಳ್ಳುವ ಹಕ್ಕಾಗಲಿ, ಉತ್ತರಾಧಿಕಾರವಾಗಲಿ ಅವರಿಗೆ ವಿಧಿವತ್ತಾಗಿ ಸಲ್ಲುವುದಿಲ್ಲ. 1989ರಲ್ಲಿ ದೇವಿಲಾಲರು ಉಪಪ್ರಧಾನಿಯೆಂದೇ ಪ್ರಮಾಣವಚನ ಸ್ವೀಕರಿಸಿದುದನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಆ ಹೆಸರು ಕೇವಲ ವರ್ಣನಾತ್ಮಕವಾದುದರಿಂದ ಪ್ರಮಾಣವಚನಕ್ಕೆ ಬಾಧಕವಿಲ್ಲವೆಂದು ತೀರ್ಪಿತ್ತಿತು. 2024ರ ಫೆಬ್ರವರಿಯಲ್ಲಿ ಉಪಮುಖ್ಯಮಂತ್ರಿಗಳ ನೇಮಕವನ್ನೇ ಪ್ರಶ್ನಿಸಿ ಬಂದ ಅರ್ಜಿಯನ್ನೂ ಅದು ವಜಾಮಾಡಿತು. 2003ರ 91ನೆಯ ತಿದ್ದುಪಡಿಯ ಪ್ರಕಾರ ಮಂತ್ರಿಮಂಡಲದ ಗಾತ್ರ ವಿಧಾನಸಭೆಯ ಸದಸ್ಯಸಂಖ್ಯೆಯ ಶೇಕಡಾ 15ನ್ನು ಮೀರಕೂಡದು. 224 ಸ್ಥಾನಗಳ ಕರ್ನಾಟಕದಲ್ಲಿ ಅದು ಮುಖ್ಯಮಂತ್ರಿಯೂ ಸೇರಿ 34. ಮಂತ್ರಿಗಿರಿಗಳ ಸಂಖ್ಯೆಗೆ ಹೀಗೆ ಮಿತಿ ಬಿದ್ದ ಮೇಲೆ, ಹಂಚಲು ಸ್ಥಾನಗಳು ಕಡಮೆಯಾದಷ್ಟೂ ಇರುವ ಸ್ಥಾನಗಳ ಹೆಸರಿಗೆ ಬೆಲೆ ಹೆಚ್ಚಿತು. ಉಪಮುಖ್ಯಮಂತ್ರಿಗಳು ಒಬ್ಬರಿಂದ ಇಬ್ಬರಾಗಿ, ಇಬ್ಬರಿಂದ ಮೂವರಾಗಿ ಬೆಳೆದುದಕ್ಕೆ ಇದೂ ಒಂದು ಕಾರಣವೆಂದು ಭಾವಿಸಬಹುದು.

ಅಮೆರಿಕದ ಪದ್ಧತಿ

ಎರಡನೆಯ ಸ್ಥಾನಕ್ಕೆ ಆರಿಸುವ ವ್ಯಕ್ತಿಯ ಮೂಲಕ ಒಂದು ಜನಸಮುದಾಯವನ್ನು ಒಲಿಸಿಕೊಳ್ಳುವ ಪದ್ಧತಿ ಅತ್ಯಂತ ಸ್ಪಷ್ಟವಾಗಿ ಕಾಣುವುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. ಅಲ್ಲಿ ಅಧ್ಯಕ್ಷ ಪದವಿಗೆ ನಿಂತವರು ಉಪಾಧ್ಯಕ್ಷ ಪದವಿಗೆ ಒಬ್ಬ ಜೊತೆಗಾರರನ್ನು ಆರಿಸಿಕೊಂಡು ಜೋಡಿಯಾಗಿ ಮತ ಯಾಚಿಸುತ್ತಾರೆ. ಮತದಾರನು ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಆರಿಸುವಂತಿಲ್ಲ. ಹಿಂದೆ ಈ ಆಯ್ಕೆಯಲ್ಲಿ ಭೂಪ್ರದೇಶದ ಸಮತೋಲನವೇ ಪ್ರಧಾನವಾಗಿದ್ದಿತು. 1960ರಲ್ಲಿ ಈಶಾನ್ಯದ ಮ್ಯಾಸಚೂಸೆಟ್ಸಿನ ಜಾನ್ ಕೆನಡಿಯವರು ಟೆಕ್ಸಾಸಿನ ಲಿಂಡನ್ ಜಾನ್ಸನ್ನರನ್ನು ಜೊತೆಗೆ ತೆಗೆದುಕೊಂಡುದು ಇದರ ಶ್ರೇಷ್ಠ ನಿದರ್ಶನ. ಟೆಕ್ಸಾಸನ್ನು ಕೆನಡಿಯವರು ಗೆದ್ದುದು ಸುಮಾರು 46 ಸಾವಿರ ಮತಗಳ ಅಂತರದಿಂದ. ಯೌವನದಲ್ಲಿ ಕೊಟುಲ್ಲಾ ಎಂಬ ಊರಿನಲ್ಲಿ ಮೆಕ್ಸಿಕನ್ ಮೂಲದ ಬಡಮಕ್ಕಳಿಗೆ ಪಾಠ ಹೇಳಿದ್ದ ಜಾನ್ಸನ್ನರೂ, ‘ವಿವಾ ಕೆನಡಿ’ ಎಂಬ ಹೆಸರಿನಿಂದ ಅಲ್ಲಲ್ಲಿ ಹುಟ್ಟಿಕೊಂಡ ಸಂಘಗಳೂ, ಸ್ಪ್ಯಾನಿಷ್ ಭಾಷೆಯಲ್ಲಿ ಮಾತನಾಡಿ ಮತ ಕೇಳಿದ ಜಾಕ್ವೆಲಿನ್ ಕೆನಡಿಯವರೂ ಆ ಗೆಲುವಿನಲ್ಲಿ ಪಾಲುದಾರರು.

ಮೆಕ್ಸಿಕೊ, ಪೋರ್ಟೊರಿಕೊ, ಕ್ಯೂಬಾ ಮೊದಲಾದೆಡೆಗಳಿಂದ ಬಂದ ಲ್ಯಾಟಿನೊ ಜನರ ಸಂಖ್ಯೆ 2020ರ ಜನಗಣತಿಯ ವೇಳೆಗೆ 6 ಕೋಟಿಯನ್ನು ದಾಟಿದ್ದರೂ, 2024ರ ಚುನಾವಣೆಯವರೆಗೆ ಎರಡು ದೊಡ್ಡ ಪಕ್ಷಗಳಲ್ಲಿ ಯಾವುದೂ ಆ ಸಮುದಾಯದವರನ್ನು ಉಪಾಧ್ಯಕ್ಷ ಪದವಿಗೆ ನಿಲ್ಲಿಸಲಿಲ್ಲ. ಪರಿಶೀಲನೆ ಮಾತ್ರ ಹಲವು ಬಾರಿ ನಡೆಯಿತು. 1984ರಲ್ಲಿ ವಾಲ್ಟರ್ ಮಾಂಡೇಲರು ಸ್ಯಾನ್ ಆಂಟೋನಿಯೊ ನಗರದ ಮೇಯರ್ ಹೆನ್ರಿ ಸಿಸ್ನೆರೋಸರನ್ನು ಕರೆಸಿ ಮಾತನಾಡಿಸಿ, ಕೊನೆಗೆ ಜೆರಾಲ್ಡೀನ್ ಫೆರಾರೋ ಅವರನ್ನು ಆರಿಸಿದರು. 2016ರಲ್ಲಿ ಹುಲಿಯಾನ್ ಕಾಸ್ಟ್ರೊ ಅವರ ಹೆಸರು ಕೇಳಿಬಂದು, ಹಿಲರಿ ಕ್ಲಿಂಟನ್ನರ ಆಯ್ಕೆ ಬಿದ್ದುದು ಟಿಮ್ ಕೇನ್ ಎಂಬವರ ಮೇಲೆ. ಹೊಂಡುರಾಸಿನಲ್ಲಿ ಕ್ರೈಸ್ತ ಧರ್ಮಪ್ರಚಾರಕರ ಜೊತೆ ಸೇವೆ ಸಲ್ಲಿಸಿ ಸ್ಪ್ಯಾನಿಷ್ ಕಲಿತಿದ್ದ ಕೇನರು ಆ ಭಾಷೆಯಲ್ಲಿ ನಿರರ್ಗಳವಾಗಿ ಮಾತನಾಡಬಲ್ಲವರಾಗಿದ್ದರು. 2024ರಲ್ಲಿ ಕ್ಯೂಬನ್ ಮೂಲದ ಮಾರ್ಕೊ ರೂಬಿಯೊ ಅವರನ್ನು ಪರಿಗಣಿಸಿ ಕೈಬಿಟ್ಟ ಡೊನಾಲ್ಡ್ ಟ್ರಂಪರು, ಅಂಥ ಜೊತೆಗಾರರಿಲ್ಲದೆಯೂ ಲ್ಯಾಟಿನೊ ಮತಗಳಲ್ಲಿ ಶೇಕಡಾ 40ಕ್ಕೂ ಮಿಕ್ಕ ಪಾಲನ್ನು ಪಡೆದರೆಂದು ಮತಗಟ್ಟೆ ಸಮೀಕ್ಷೆಗಳು ತಿಳಿಸಿದವು. ಉಪಾಧ್ಯಕ್ಷ ಅಭ್ಯರ್ಥಿಗಳ ಪ್ರಭಾವವನ್ನೇ ವಿಷಯವಾಗಿರಿಸಿಕೊಂಡು ಅಧ್ಯಯನ ನಡೆಸಿದ ಕ್ರಿಸ್ಟೋಫರ್ ಡಿವೈನ್ ಮತ್ತು ಕೈಲ್ ಕಾಪ್ಕೊ ಎಂಬ ವಿದ್ವಾಂಸರ ನಿರ್ಣಯವೂ ಇದಕ್ಕೆ ಅನುಗುಣವಾಗಿದೆ: ಜೊತೆಗಾರನು ತನ್ನ ಪ್ರದೇಶದ ಅಥವಾ ತನ್ನ ಜನರ ಮತಗಳನ್ನು ನೇರವಾಗಿ ಹೊತ್ತು ತರುವುದು ಅಪರೂಪ, ಆ ಆಯ್ಕೆಯಿಂದ ಅಧ್ಯಕ್ಷ ಅಭ್ಯರ್ಥಿಯ ವಿವೇಚನೆ ಎಂಥದೆಂಬುದನ್ನು ಜನ ಊಹಿಸುತ್ತಾರೆ, ಮತದ ಮೇಲೆ ಪರಿಣಾಮವಾಗುವುದು ಮುಖ್ಯವಾಗಿ ಆ ದಾರಿಯಿಂದ.

ಭಾರತದ ಉಪರಾಷ್ಟ್ರಪತಿ ಪದವಿಯನ್ನು ಇದಕ್ಕೆ ಸಮವೆಂದು ಎಣಿಸುವುದು ಸರಿಯಾಗದು. ಸಂಸತ್ತಿನ ಎರಡು ಸದನಗಳ ಸದಸ್ಯರಷ್ಟೇ ಮತ ಹಾಕುವ ಆ ಚುನಾವಣೆಯಲ್ಲಿ ಸಾಮಾನ್ಯ ಮತದಾರನಿಗೆ ಪಾತ್ರವಿಲ್ಲ. ಹಾಗಿದ್ದೂ ಪ್ರದೇಶದ ಲೆಕ್ಕ ಅಲ್ಲಿಯೂ ಇಲ್ಲದಿಲ್ಲ: ಜಮಖಂಡಿಯ ಕಡೆಯ ಬಿ.ಡಿ. ಜತ್ತಿಯವರು 1974ರಲ್ಲಿ ಆ ಪದವಿಗೇರಿ 1977ರಲ್ಲಿ ಕೆಲಕಾಲ ಹಂಗಾಮಿ ರಾಷ್ಟ್ರಪತಿಗಳೂ ಆಗಿದ್ದರು. 2022ರಲ್ಲಿ ಪ್ರತಿಪಕ್ಷಗಳು ಮಂಗಳೂರಿನ ಮಾರ್ಗರೆಟ್ ಆಳ್ವ ಅವರನ್ನು ನಿಲ್ಲಿಸಿದುವು. 2025ರಲ್ಲಿ ಆಳುವ ಕೂಟ ತಮಿಳುನಾಡಿನ ಸಿ.ಪಿ. ರಾಧಾಕೃಷ್ಣನ್ನರನ್ನೂ ಪ್ರತಿಪಕ್ಷಗಳು ತೆಲುಗುನಾಡಿನ ನಿವೃತ್ತ ನ್ಯಾಯಮೂರ್ತಿ ಸುದರ್ಶನ ರೆಡ್ಡಿಯವರನ್ನೂ ಆರಿಸಿದುದರ ಹಿಂದಣ ಆಲೋಚನೆ ಯಾರಿಗೂ ಮರೆಯಾಗಿರಲಿಲ್ಲ. ಅಮೆರಿಕದ ಉಪಾಧ್ಯಕ್ಷ ಅಭ್ಯರ್ಥಿಗೆ ನಮ್ಮಲ್ಲಿ ನಿಜವಾಗಿ ಹತ್ತಿರವಾದವರು ರಾಜ್ಯಗಳ ಉಪಮುಖ್ಯಮಂತ್ರಿಗಳು. ಅವರಲ್ಲಿಯೂ ಮುಖ್ಯವಾದ ಒಂದು ಭೇದವುಂಟು: ಅಲ್ಲಿ ಜೋಡಿಯ ಹೆಸರು ಮತದಾನಕ್ಕೆ ಮುನ್ನ ಘೋಷಿತವಾದರೆ, ಇಲ್ಲಿ ಹೆಸರು ನಿಶ್ಚಿತವಾಗುವುದು ಮತ ಎಣಿಕೆಯ ಅನಂತರ, ದೆಹಲಿಯ ವರಿಷ್ಠರ ಸಮ್ಮುಖದಲ್ಲಿ. ಮತದಾರನಿಗೆ ಮೊದಲೇ ದೊರೆಯುವುದು ಆಶ್ವಾಸನೆ ಮಾತ್ರ, ಅದೂ ಬಹುಮಟ್ಟಿಗೆ ಬಾಯಿಮಾತಿನದು.

ಕರ್ನಾಟಕದಲ್ಲಿ

1956ರ ನವೆಂಬರ್ 1ರ ಏಕೀಕರಣಕ್ಕೆ ಮುನ್ನ ಹಳೆಯ ಮೈಸೂರಿನಲ್ಲಿ ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ ಈ ಮೂವರೂ ಒಕ್ಕಲಿಗ ಮುಖ್ಯಮಂತ್ರಿಗಳಾಗಿದ್ದರು. ಏಕೀಕರಣದ ಬಳಿಕ ಉತ್ತರದ ಜಿಲ್ಲೆಗಳು ಸೇರಿ ಸಮುದಾಯಗಳ ಬಲಾಬಲ ಬದಲಾದುದರಿಂದ, ನಿಜಲಿಂಗಪ್ಪನವರಿಂದ ಮೊದಲುಗೊಂಡು ವೀರೇಂದ್ರ ಪಾಟೀಲರ ತನಕ ಲಿಂಗಾಯತ ಮುಖ್ಯಮಂತ್ರಿಗಳ ಪರಂಪರೆ ನಡೆಯಿತು. ಈ ದ್ವಂದ್ವವನ್ನು ಭೇದಿಸಿದವರು 1972ರಲ್ಲಿ ಅಧಿಕಾರಕ್ಕೆ ಬಂದ ದೇವರಾಜ ಅರಸರು. ಅವರು ನೇಮಿಸಿದ ಎಲ್.ಜಿ. ಹಾವನೂರರ ಆಯೋಗದ ವರದಿ 1975ರಲ್ಲಿ ಹೊರಬಂದ ಮೇಲೆ, ಹಿಂದುಳಿದ ವರ್ಗಗಳೂ ದಲಿತರೂ ಎರಡು ದೊಡ್ಡ ಸಮುದಾಯಗಳ ಹಿಂದೆ ನಿಲ್ಲುವ ಬದಲು ತಮ್ಮ ಪಾಲನ್ನು ತಾವೇ ಕೇಳತೊಡಗಿದರು. ಅರಸರ ಕಾಲದಲ್ಲಿ ಉಪಮುಖ್ಯಮಂತ್ರಿ ಎಂಬ ಪದವಿ ಇರಲಿಲ್ಲ. ಅದರ ಅಗತ್ಯವೂ ಅವರಿಗೆ ಕಂಡುಬರಲಿಲ್ಲ. ಭೂಸುಧಾರಣೆಯನ್ನೂ ಮೀಸಲಾತಿಯನ್ನೂ ಕೈಗೆತ್ತಿಕೊಂಡವರಿಗೆ ಹೆಸರಿನ ಗೌರವಗಳನ್ನು ಹಂಚುವ ಅನಿವಾರ್ಯತೆ ಕಡಮೆ.

ಕರ್ನಾಟಕದ ಮೊದಲ ಉಪಮುಖ್ಯಮಂತ್ರಿಗಳು ಎಸ್.ಎಂ. ಕೃಷ್ಣ. ಸಣ್ಣ ಸಮುದಾಯವೊಂದರಿಂದ ಬಂದ ವೀರಪ್ಪ ಮೊಯಿಲಿಯವರು 1992ರ ನವೆಂಬರಿನಲ್ಲಿ ಮುಖ್ಯಮಂತ್ರಿಗಳಾದ ಬಳಿಕ, ಹಳೆಯ ಮೈಸೂರು ಪ್ರಾಂತದ ಒಕ್ಕಲಿಗರಿಗೆ ಸರ್ಕಾರದಲ್ಲಿ ಎದ್ದು ಕಾಣುವ ಸ್ಥಾನವಿರಲೆಂದು ಮದ್ದೂರಿನ ಕೃಷ್ಣರಿಗೆ ಈ ಪದವಿಯನ್ನು ನೀಡಲಾಯಿತು. 1994ರ ಡಿಸೆಂಬರಿನಲ್ಲಿ ಹಾಸನ ಜಿಲ್ಲೆಯ ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಗಳಾದಾಗ ಚನ್ನಗಿರಿಯ ಜೆ.ಎಚ್. ಪಟೇಲರು ಉಪಮುಖ್ಯಮಂತ್ರಿಗಳಾದರು. ಒಕ್ಕಲಿಗ ಮುಖ್ಯಮಂತ್ರಿ, ಲಿಂಗಾಯತ ಉಪಮುಖ್ಯಮಂತ್ರಿ ಎಂಬ ಈ ಜೋಡಣೆ ಜನತಾದಳದ ಒಳಗಣ ರಾಮಕೃಷ್ಣ ಹೆಗಡೆಯವರ ಬಣಕ್ಕೂ ಸಮಾಧಾನ ನೀಡುವ ಉದ್ದೇಶ ಹೊಂದಿದ್ದಿತು. 1996ರ ಮೇ ತಿಂಗಳ ಕೊನೆಯಲ್ಲಿ ದೇವೇಗೌಡರು ಪ್ರಧಾನಿಯಾಗಲು ದೆಹಲಿಗೆ ತೆರಳಿದಾಗ ಪಟೇಲರು ಅವರ ಸ್ಥಾನಕ್ಕೆ ಬಂದರು. ಕುರುಬ ಸಮುದಾಯದ ಸಿದ್ದರಾಮಯ್ಯನವರು ಹಣಕಾಸು ಖಾತೆಯೊಡನೆ ಉಪಮುಖ್ಯಮಂತ್ರಿಗಳಾದರು. ಖಾತೆಯ ಸಂಗತಿಯನ್ನು ಇಲ್ಲಿ ಗಮನಿಸತಕ್ಕದ್ದು. ಹಣಕಾಸು ಕೈಯಲ್ಲಿದ್ದವರು ಪ್ರತಿ ವರ್ಷದ ಆಯವ್ಯಯದ ದಿನ ಇಡೀ ನಾಡಿಗೆ ಪರಿಚಿತರಾಗುತ್ತಾರೆ. ಎರಡನೆಯ ಸ್ಥಾನ ಅವರ ಪಾಲಿಗೆ ಬರಿಯ ಅಲಂಕಾರವಾಗಿ ಉಳಿಯುವುದಿಲ್ಲ.

2004ರ ಚುನಾವಣೆಯಲ್ಲಿ ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58 ಸ್ಥಾನಗಳನ್ನು ಗಳಿಸಿ ಯಾರಿಗೂ ಬಹುಮತ ಬಾರದಿರಲು, ಕಾಂಗ್ರೆಸ್ಸಿನ ಧರಂ ಸಿಂಗ್ ಮುಖ್ಯಮಂತ್ರಿಗಳಾಗಿಯೂ ಜೆಡಿಎಸ್‌ನ ಸಿದ್ದರಾಮಯ್ಯ ಮತ್ತೆ ಉಪಮುಖ್ಯಮಂತ್ರಿಗಳಾಗಿಯೂ ಸಮ್ಮಿಶ್ರ ಸರ್ಕಾರ ರಚಿತವಾಯಿತು. ಅಲ್ಪಸಂಖ್ಯಾತರು, ಹಿಂದುಳಿದವರು, ದಲಿತರು ಎಂಬ ಮೂರನ್ನು ಒಂದು ಮಾಡುವ ‘ಅಹಿಂದ’ ಸಮಾವೇಶಗಳಲ್ಲಿ ಸಿದ್ದರಾಮಯ್ಯನವರು ಪಾಲುಗೊಂಡುದು ಪಕ್ಷದ ನಾಯಕತ್ವಕ್ಕೆ ಹಿಡಿಸಲಿಲ್ಲ. 2005ರ ಆಗಸ್ಟಿನಲ್ಲಿ ಅವರನ್ನು ತೆಗೆದು ಹಡಗಲಿಯ ಎಂ.ಪಿ. ಪ್ರಕಾಶರನ್ನು ಆ ಸ್ಥಾನದಲ್ಲಿ ಕೂರಿಸಲಾಯಿತು. ಸಮುದಾಯವನ್ನು ಪ್ರತಿನಿಧಿಸಲೆಂದು ನೇಮಕವಾದ ವ್ಯಕ್ತಿ ಆ ಸಮುದಾಯವನ್ನು ನಿಜವಾಗಿಯೂ ಸಂಘಟಿಸಲು ಹೊರಟೊಡನೆ ಪದವಿಯನ್ನು ಕಳೆದುಕೊಂಡ ಈ ಪ್ರಕರಣ, ಈ ಪದ್ಧತಿಯ ಒಳಗುಟ್ಟನ್ನು ಬಿಚ್ಚಿ ತೋರಿಸುತ್ತದೆ. ಕಾಂಗ್ರೆಸ್ ಸೇರಿದ ಸಿದ್ದರಾಮಯ್ಯ 2006ರ ಡಿಸೆಂಬರಿನ ಚಾಮುಂಡೇಶ್ವರಿ ಉಪಚುನಾವಣೆಯಲ್ಲಿ 257 ಮತಗಳಿಂದ ಗೆದ್ದರು, 2013ರಲ್ಲಿ ಮುಖ್ಯಮಂತ್ರಿಗಳಾದರು.

ಕರ್ನಾಟಕದ ಇತಿಹಾಸದಲ್ಲಿ ಈ ಪದವಿ ಮತದಾರರ ಮನಸ್ಸನ್ನು ಗಾಢವಾಗಿ ಕಲಕಿದುದು 2006ರಿಂದ 2008ರವರೆಗಿನ ಅವಧಿಯಲ್ಲಿ. 2006ರ ಫೆಬ್ರವರಿ 3ರಂದು ಜೆಡಿಎಸ್‌ನ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿಯೂ ಬಿಜೆಪಿಯ ಬಿ.ಎಸ್. ಯಡಿಯೂರಪ್ಪ ಹಣಕಾಸು ಖಾತೆ ಹೊತ್ತ ಉಪಮುಖ್ಯಮಂತ್ರಿಯಾಗಿಯೂ ಪ್ರಮಾಣವಚನ ಸ್ವೀಕರಿಸಿದರು. ಇಪ್ಪತ್ತು ತಿಂಗಳು ಒಬ್ಬರು, ಮಿಕ್ಕ ಇಪ್ಪತ್ತು ತಿಂಗಳು ಇನ್ನೊಬ್ಬರು ಎಂಬ ಒಪ್ಪಂದ ಬಹಿರಂಗವಾಗಿಯೇ ಇದ್ದಿತು. ಹೀಗಾಗಿ ಯಡಿಯೂರಪ್ಪನವರ ಉಪಮುಖ್ಯಮಂತ್ರಿ ಪದವಿ ಅವರ ಬೆಂಬಲಿಗರ ದೃಷ್ಟಿಯಲ್ಲಿ ಅಧಿಕಾರದ ಒಂದು ಅಂಶವಾಗಿರದೆ, ಪೂರ್ಣಾಧಿಕಾರದ ಮುಂಗಡವಾಗಿದ್ದಿತು. 2007ರ ಅಕ್ಟೋಬರಿನಲ್ಲಿ ಅಧಿಕಾರ ಹಸ್ತಾಂತರವಾಗದೆ ಸರ್ಕಾರ ಮುರಿದುಬಿದ್ದು, ನವೆಂಬರ್ 12ರಂದು ಮುಖ್ಯಮಂತ್ರಿಯಾದ ಯಡಿಯೂರಪ್ಪನವರು ಜೆಡಿಎಸ್ ಬೆಂಬಲವಿಲ್ಲದೆ 19ರಂದು ರಾಜೀನಾಮೆಯಿತ್ತರು. ಮಾತು ಕೊಟ್ಟು ತಪ್ಪಿದರೆಂಬ ಒಂದೇ ದೂರು ಮುಂದಿನ ಚುನಾವಣೆಯ ಪ್ರಧಾನ ವಿಷಯವಾಗಿ ಹಳ್ಳಿಹಳ್ಳಿಗಳ ಜಗಲಿಗಳನ್ನು ತಲಪಿತು. ಮಧ್ಯ ಮತ್ತು ಉತ್ತರ ಕರ್ನಾಟಕದ ಲಿಂಗಾಯತರಲ್ಲಿ ಇದು ತಮ್ಮವರಿಗಾದ ಅಪಮಾನವೆಂಬ ಭಾವನೆ ಹುಟ್ಟಿಸಿ, 2008ರ ಮೇ ತಿಂಗಳಲ್ಲಿ ಬಿಜೆಪಿಗೆ 110 ಸ್ಥಾನಗಳು ದೊರೆತವು. ಜೆಡಿಎಸ್ 28ಕ್ಕೆ ಇಳಿಯಿತು. ಪದವಿಯ ದಾನದಿಂದ ಇಂಥ ಸಂಚಲನ ಎಂದೂ ಉಂಟಾಗಿರಲಿಲ್ಲ, ಉಂಟಾದುದು ವಚನಭಂಗದಿಂದ. ಒಂದು ಸಮುದಾಯಕ್ಕೆ ಎರಡನೆಯ ಸ್ಥಾನವನ್ನು ಕೊಟ್ಟರೆ ಸಿಗುವ ಕೃತಜ್ಞತೆ ಅಲ್ಪಕಾಲದ್ದು, ಕೊಡುವೆನೆಂದು ಕೊಡದೆ ಹೋದರೆ ಹುಟ್ಟುವ ಕೋಪ ದೀರ್ಘಕಾಲದ್ದು ಎಂಬ ತತ್ತ್ವವನ್ನು ನಮ್ಮ ಪಕ್ಷಗಳು ಆ ಬಳಿಕವೂ ಪೂರ್ಣವಾಗಿ ಗ್ರಹಿಸಿದಂತೆ ತೋರುವುದಿಲ್ಲ.

2012ರ ಜುಲೈನಲ್ಲಿ ಡಿ.ವಿ. ಸದಾನಂದ ಗೌಡರನ್ನು ಇಳಿಸಿ ಜಗದೀಶ ಶೆಟ್ಟರರನ್ನು ಮುಖ್ಯಮಂತ್ರಿಯನ್ನಾಗಿ ಮಾಡಿದಾಗ, ಒಕ್ಕಲಿಗರ ಅಸಮಾಧಾನವನ್ನು ತಣಿಸಲು ಆರ್. ಅಶೋಕರನ್ನೂ ಹಿಂದುಳಿದವರ ಸಲುವಾಗಿ ಕೆ.ಎಸ್. ಈಶ್ವರಪ್ಪನವರನ್ನೂ ಉಪಮುಖ್ಯಮಂತ್ರಿಗಳನ್ನಾಗಿಸಲಾಯಿತು. ರಾಜ್ಯಕ್ಕೆ ಇಬ್ಬರು ಉಪಮುಖ್ಯಮಂತ್ರಿಗಳಿದ್ದುದು ಅದೇ ಮೊದಲು. ಯಡಿಯೂರಪ್ಪನವರು ಬೇರೆ ಪಕ್ಷ ಕಟ್ಟಿ ಹೊರನಡೆದ ಕಾರಣ ಆ ವ್ಯವಸ್ಥೆಯ ಫಲವನ್ನು ಪ್ರತ್ಯೇಕವಾಗಿ ಅಳೆಯುವುದು ಕಷ್ಟ. 2013ರಲ್ಲಿ ಬಿಜೆಪಿ 40 ಸ್ಥಾನಗಳಿಗೆ ಕುಸಿದುದಂತೂ ದಿಟ. ಅನಂತರದ ಐದು ವರ್ಷ ಸಿದ್ದರಾಮಯ್ಯನವರ ಸರ್ಕಾರದಲ್ಲಿ ಉಪಮುಖ್ಯಮಂತ್ರಿಗಳೇ ಇರಲಿಲ್ಲ. ಪ್ರದೇಶ ಕಾಂಗ್ರೆಸ್ ಅಧ್ಯಕ್ಷರಾಗಿದ್ದೂ 2013ರಲ್ಲಿ ಕೊರಟಗೆರೆಯಲ್ಲಿ ಸೋತ ಜಿ. ಪರಮೇಶ್ವರರಿಗೆ ಆ ಸ್ಥಾನ ದೊರೆಯಬೇಕೆಂಬ ದಲಿತ ಸಂಘಟನೆಗಳ ಬೇಡಿಕೆ ಈಡೇರಿದುದು 2018ರ ಮೇ ತಿಂಗಳಲ್ಲಿ, ಕುಮಾರಸ್ವಾಮಿಯವರ ಸಮ್ಮಿಶ್ರ ಸರ್ಕಾರದಲ್ಲಿ. ಕರ್ನಾಟಕದ ಮೊದಲ ದಲಿತ ಉಪಮುಖ್ಯಮಂತ್ರಿಯಾದ ಅವರ ಕೈಯಲ್ಲಿದ್ದ ಗೃಹಖಾತೆ ಅದೇ ವರ್ಷದ ಡಿಸೆಂಬರಿನಲ್ಲಿ ಎಂ.ಬಿ. ಪಾಟೀಲರ ಪಾಲಾಯಿತು. ಹೆಸರು ಉಳಿದು ಖಾತೆ ಹೋದ ಈ ಘಟನೆ ದಲಿತ ವಲಯದಲ್ಲಿ ನೋವನ್ನುಂಟುಮಾಡಿದುದು ಸಹಜವೇ ಆಗಿದ್ದಿತು.

2019ರ ಆಗಸ್ಟಿನಲ್ಲಿ ಯಡಿಯೂರಪ್ಪನವರ ಮಂತ್ರಿಮಂಡಲದಲ್ಲಿ ಮೂವರು ಉಪಮುಖ್ಯಮಂತ್ರಿಗಳಾದರು: ಮುಧೋಳದ ಗೋವಿಂದ ಕಾರಜೋಳ, ಮಲ್ಲೇಶ್ವರದ ಸಿ.ಎನ್. ಅಶ್ವತ್ಥನಾರಾಯಣ, ಅಥಣಿಯ ಲಕ್ಷ್ಮಣ ಸವದಿ. ಕ್ರಮವಾಗಿ ಪರಿಶಿಷ್ಟ ಜಾತಿಯ ಎಡಗೈ ಸಮುದಾಯ, ಒಕ್ಕಲಿಗರು, ಲಿಂಗಾಯತ ಗಾಣಿಗರು ಎಂಬ ಎಣಿಕೆ ಇದರಲ್ಲಿದ್ದಿತು. ಸವದಿಯವರು ಆಗ ಎರಡು ಸದನಗಳಲ್ಲಿ ಯಾವುದರ ಸದಸ್ಯರೂ ಆಗಿರಲಿಲ್ಲ. ಅದೇ ವರ್ಷ ಆಂಧ್ರಪ್ರದೇಶದಲ್ಲಿ ಜಗನ್ಮೋಹನ ರೆಡ್ಡಿಯವರು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಕಾಪು, ಅಲ್ಪಸಂಖ್ಯಾತ ಎಂಬ ಐದಕ್ಕೂ ಒಬ್ಬೊಬ್ಬರಂತೆ ಐವರನ್ನು ಏಕಕಾಲದಲ್ಲಿ ನೇಮಿಸಿದ್ದರು. 2024ರಲ್ಲಿ ಅವರ ಪಕ್ಷ ಹೀನಾಯವಾಗಿ ಸೋತಿತು. ಐವರಿಗೆ ಹಂಚಿದ ಎರಡನೆಯ ಸ್ಥಾನ ಯಾರ ಪಾಲಿಗೂ ಎರಡನೆಯ ಸ್ಥಾನವಾಗಿ ಉಳಿಯುವುದಿಲ್ಲವಷ್ಟೆ.

ಚುನಾವಣೆಗೆ ಮೊದಲೇ ಹೆಸರನ್ನು ತೇಲಿಬಿಟ್ಟು ಒಂದು ಸಮುದಾಯವನ್ನು ಸೆಳೆಯುವ, ಅಂದರೆ ಅಮೆರಿಕದ ಪದ್ಧತಿಗೆ ಅತಿ ಸಮೀಪವಾದ ಪ್ರಯೋಗ ನಮ್ಮಲ್ಲಿ ನಡೆದುದು ಬಳ್ಳಾರಿಯ ಬಿ. ಶ್ರೀರಾಮುಲು ಅವರ ವಿಷಯದಲ್ಲಿ. 2018ರಲ್ಲಿ ಬಿಜೆಪಿ ಅವರನ್ನು ಮೊಳಕಾಲ್ಮೂರು ಮತ್ತು ಬಾದಾಮಿ ಎರಡೂ ಕಡೆ ನಿಲ್ಲಿಸಿತು. ಪಕ್ಷ ಗೆದ್ದರೆ ವಾಲ್ಮೀಕಿ ನಾಯಕ ಸಮುದಾಯದ ಅವರೇ ಉಪಮುಖ್ಯಮಂತ್ರಿಗಳೆಂಬ ಮಾತು ನಾಡೆಲ್ಲ ಹಬ್ಬಿತು. ಬಾದಾಮಿಯಲ್ಲಿ ಅವರು ಸಿದ್ದರಾಮಯ್ಯನವರ ಎದುರು 1,696 ಮತಗಳಿಂದ ಸೋತರು, ಮೊಳಕಾಲ್ಮೂರಿನಲ್ಲಿ ಗೆದ್ದರು. ಮರುವರ್ಷ ಮೂವರು ಉಪಮುಖ್ಯಮಂತ್ರಿಗಳು ನೇಮಕವಾದಾಗ ಅವರ ಹೆಸರಿರಲಿಲ್ಲ. 2022ರ ಕೊನೆಯಲ್ಲಿ ಸರ್ಕಾರವು ಪರಿಶಿಷ್ಟ ಪಂಗಡಗಳ ಮೀಸಲಾತಿಯನ್ನು ಶೇಕಡಾ 3ರಿಂದ 7ಕ್ಕೆ ಏರಿಸಿದರೂ, 2023ರಲ್ಲಿ ಆ ವರ್ಗಕ್ಕೆ ಮೀಸಲಾದ 15 ಕ್ಷೇತ್ರಗಳಲ್ಲಿ ಒಂದನ್ನೂ ಬಿಜೆಪಿ ಗೆಲ್ಲಲಿಲ್ಲ. ಶ್ರೀರಾಮುಲು ಅವರೂ ಬಳ್ಳಾರಿ ಗ್ರಾಮಾಂತರದಲ್ಲಿ ಪರಾಭವಗೊಂಡರು. ಈ ಸೋಲಿಗೆ ಬೇರೆ ಕಾರಣಗಳೂ ಇದ್ದಿರಬೇಕು. ಆದರೂ 2007ರ ಪಾಠ ಇಲ್ಲಿ ಮತ್ತೊಮ್ಮೆ ಬರೆಯಲ್ಪಟ್ಟಿತೆಂದು ಹೇಳುವುದು ತಪ್ಪಾಗಲಾರದು.

ಅರಸೀಕೆರೆ, ಬೇಲೂರು, ಹಳೇಬೀಡು

ಹಾಸನ ಜಿಲ್ಲೆ ಎರಡು ಮಂದಿ ಮುಖ್ಯಮಂತ್ರಿಗಳ ಹುಟ್ಟೂರಿರುವ ನಾಡು. ದೇವೇಗೌಡರೂ ಕುಮಾರಸ್ವಾಮಿಯವರೂ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯವರು. ಉಪಮುಖ್ಯಮಂತ್ರಿಯಾದವರು ಈ ಜಿಲ್ಲೆಯಿಂದ ಒಬ್ಬರೂ ಇಲ್ಲ. ಹಾಗಿದ್ದರೂ ಸಮುದಾಯದ ಲೆಕ್ಕಾಚಾರ ಕ್ಷೇತ್ರಮಟ್ಟದಲ್ಲಿ ಹೇಗೆ ಫಲಿಸುತ್ತದೆ, ಹೇಗೆ ವಿಫಲವಾಗುತ್ತದೆ ಎಂಬುದನ್ನು ಪರೀಕ್ಷಿಸಲು ಜಿಲ್ಲೆಯ ಉತ್ತರಾರ್ಧ ಬಹಳ ಉಪಯುಕ್ತವಾದ ಪ್ರದೇಶ. ಜಿಲ್ಲೆಯ ದಕ್ಷಿಣಭಾಗದಲ್ಲಿ ಒಕ್ಕಲಿಗರು ಪ್ರಬಲರಾದರೆ, ತಿಪಟೂರು, ಕಡೂರುಗಳಿಗೆ ಹೊಂದಿಕೊಂಡ ಅರಸೀಕೆರೆಯ ತೆಂಗಿನ ಸೀಮೆಯಲ್ಲಿ ನೊಳಂಬರೇ ಮೊದಲಾದ ಲಿಂಗಾಯತರೂ ಕುರುಬರೂ ಗಣನೀಯ ಸಂಖ್ಯೆಯಲ್ಲಿದ್ದಾರೆ. ಹಾರನಹಳ್ಳಿಯ ಕೋಡಿಮಠದ ಪ್ರಭಾವ ಇಲ್ಲಿಯದೇ. ಬೇಲೂರು ತಾಲ್ಲೂಕು ಅರ್ಧ ಮಲೆನಾಡು, ಅರ್ಧ ಬಯಲು. ಪಶ್ಚಿಮದಲ್ಲಿ ಕಾಫಿ ತೋಟಗಳೂ ತೋಟದ ಕೂಲಿಕಾರರೂ, ಪೂರ್ವದಲ್ಲಿ ಪುಷ್ಪಗಿರಿ ಮಠವಿರುವ ಹಳೇಬೀಡು ಹೋಬಳಿಯ ಬಯಲೂ ಸೇರಿ, ಲಿಂಗಾಯತ, ಒಕ್ಕಲಿಗ, ದಲಿತ ಮೂವರೂ ಇಲ್ಲಿ ಬಲಿಷ್ಠರಾಗಿದ್ದಾರೆ. ಕ್ಷೇತ್ರಗಳ ಪುನರ್ವಿಂಗಡಣೆಯ ತನಕ ಬೇಲೂರು ಪರಿಶಿಷ್ಟ ಜಾತಿಗೆ ಮೀಸಲಾಗಿದ್ದಿತು. 2008ರಲ್ಲಿ ಅದು ಸಾಮಾನ್ಯ ಕ್ಷೇತ್ರವಾಯಿತು, ಮೀಸಲಾತಿ ಸಕಲೇಶಪುರಕ್ಕೆ ಹೋಯಿತು. ಅರಸೀಕೆರೆ ತಾಲ್ಲೂಕಿನಲ್ಲಿಯೇ ಇದ್ದ ಗಂಡಸಿ ಕ್ಷೇತ್ರ ಅದೇ ಸಮಯದಲ್ಲಿ ಅಳಿಯಿತು.

ಹೊಯ್ಸಳರ ರಾಜಧಾನಿಯಾದ ಹಳೇಬೀಡಿನಲ್ಲಿ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಜೈನನಾಗಿದ್ದನೆಂಬುದನ್ನು ಎತ್ತಿ, ಸಮುದಾಯ ಸಮತೋಲನ ನಮ್ಮ ನೆಲದಲ್ಲಿ ಒಂಬತ್ತು ಶತಮಾನಗಳಷ್ಟು ಹಳೆಯದೆಂದು ಹೇಳುವವರುಂಟು. ಈ ಮಾತನ್ನು ಒಪ್ಪಲಾಗದು. ಅರಸನು ದಂಡನಾಯಕನನ್ನು ಆರಿಸುತ್ತಿದ್ದುದು ಶೌರ್ಯಕ್ಕೂ ಸ್ವಾಮಿನಿಷ್ಠೆಗೂ. ಮತ ಹಾಕುವ ಜನರನ್ನು ಒಲಿಸಿಕೊಳ್ಳಬೇಕಾದ ಪ್ರಮೇಯ ಅವನಿಗಿರಲಿಲ್ಲ. ಜನ ಪ್ರಾತಿನಿಧ್ಯವೆಂದರೆ ಏನೆಂದು ತಿಳಿಯುತ್ತಾರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉಪಮಾನ ಬೇಲೂರಿನ ಚೆನ್ನಕೇಶವನ ರಥೋತ್ಸವದಲ್ಲಿ ದೊರೆಯುತ್ತದೆ: ತೇರಿನ ದಿನ ಮೌಲ್ವಿಯೊಬ್ಬರು ಕುರಾನ್ ಪಠಿಸುವ ಸಂಪ್ರದಾಯ ಅಲ್ಲಿ ಬಹುಕಾಲದಿಂದ ನಡೆದುಬಂದಿದೆ. ನಮ್ಮ ಊರಜಾತ್ರೆಗಳಲ್ಲಿ ಪ್ರತಿಯೊಂದು ಸಮುದಾಯಕ್ಕೂ ಗೊತ್ತಾದ ಒಂದು ಕೆಲಸ, ಒಂದು ಮರ್ಯಾದೆ ಇರುತ್ತದೆ. ಆ ಮರ್ಯಾದೆ ತಪ್ಪಿದರೆ ಮನಸ್ಸು ಕಹಿಯಾಗುತ್ತದೆ. ವಿಧಾನಸೌಧದಲ್ಲಿಯೂ ಜನ ಅಪೇಕ್ಷಿಸುವುದು ಅಂಥದೇ ಒಂದು ಗೊತ್ತಾದ ಪಾಲನ್ನು. ಅದನ್ನು ಬರಿಯ ಜಾತಿವ್ಯಾಮೋಹವೆಂದು ಹೀಗಳೆಯುವವರು ತಲೆತಲಾಂತರದಿಂದ ಪಾಲೇ ಸಿಗದವರ ಸ್ಥಿತಿಯನ್ನು ಊಹಿಸಿಕೊಳ್ಳಬೇಕು.

ಇಷ್ಟಾದರೂ ಮತಪೆಟ್ಟಿಗೆ ಹೇಳುವ ಕತೆ ಬೇರೆ. ಲಿಂಗಾಯತ ಅನುಕಂಪ ರಾಜ್ಯದಾದ್ಯಂತ ಬಿಜೆಪಿಯ ಕಡೆ ಹರಿದ 2008ರಲ್ಲಿಯೇ, ಲಿಂಗಾಯತರು ಗಣನೀಯವಾಗಿರುವ ಅರಸೀಕೆರೆಯಲ್ಲಿ ಜೆಡಿಎಸ್‌ನ ಕೆ.ಎಂ. ಶಿವಲಿಂಗೇಗೌಡರು ಗೆದ್ದರು, 2013 ಮತ್ತು 2018ರಲ್ಲಿಯೂ ಅವರೇ ಗೆದ್ದರು. 2023ರಲ್ಲಿ ಅವರು ಕಾಂಗ್ರೆಸ್ಸಿಗೆ ಹೋದಾಗ ಜೆಡಿಎಸ್ ಬಿಜೆಪಿಯಿಂದ ಬಂದ, ಯಡಿಯೂರಪ್ಪನವರ ಬಂಧುವೂ ಹಿಂದಿನ ರಾಜಕೀಯ ಕಾರ್ಯದರ್ಶಿಯೂ ಆದ ಎನ್.ಆರ್. ಸಂತೋಷರನ್ನು ನಿಲ್ಲಿಸಿತು. ಸಮುದಾಯದ ಲೆಕ್ಕದಲ್ಲಿ ಇದು ಜಾಣ ಆಯ್ಕೆ. ಗೆದ್ದವರು ಮಾತ್ರ ಮತ್ತೆ ಶಿವಲಿಂಗೇಗೌಡರೇ. ಬೇಲೂರಿನ ನಡೆ ಇದಕ್ಕೆ ವಿರುದ್ಧವಾಗಿದೆ: 2013ರಲ್ಲಿ ಕಾಂಗ್ರೆಸ್ಸಿನ ವೈ.ಎನ್. ರುದ್ರೇಶಗೌಡರು, 2018ರಲ್ಲಿ ಜೆಡಿಎಸ್‌ನ ಕೆ.ಎಸ್. ಲಿಂಗೇಶ್, 2023ರಲ್ಲಿ ಬಿಜೆಪಿಯ ಎಚ್.ಕೆ. ಸುರೇಶ್, ಹೀಗೆ ಮೂರು ಚುನಾವಣೆಗಳಲ್ಲಿ ಮೂರು ಪಕ್ಷಗಳನ್ನು ಆ ಕ್ಷೇತ್ರ ಆರಿಸಿತು. ಒಂದು ತಾಲ್ಲೂಕು ಪಕ್ಷ ಬದಲಾದರೂ ಮನುಷ್ಯನನ್ನು ಬಿಡಲಿಲ್ಲ. ಪಕ್ಕದ ತಾಲ್ಲೂಕು ಪಕ್ಷವನ್ನೂ ಮನುಷ್ಯನನ್ನೂ ಎರಡು ಬಾರಿ ಬದಲಾಯಿಸಿತು. ಬೆಂಗಳೂರಿನಲ್ಲಿ ಯಾರು ಉಪಮುಖ್ಯಮಂತ್ರಿ ಎಂಬುದರಿಂದ ಈ ಎರಡರಲ್ಲಿ ಯಾವುದನ್ನೂ ವಿವರಿಸಲಾಗದು.

ಇಲ್ಲಿಯ ಮತದಾರರ ಮುಂದೆ ನೀರಿನ ಪ್ರಶ್ನೆ ದೊಡ್ಡದು. ಬೇಲೂರಿನ ಯಗಚಿ ಜಲಾಶಯ ಕಣ್ಣೆದುರಿಗಿದ್ದರೂ ಹಳೇಬೀಡು, ಮಾದಿಹಳ್ಳಿ ಕಡೆಯ ಕೆರೆಗಳು ಒಣಗುತ್ತಿದ್ದುದರಿಂದ, ಆ ನದಿಯ ನೀರನ್ನು ದ್ವಾರಸಮುದ್ರದ ಕೆರೆಗೆ ಹರಿಸುವ ರಣಘಟ್ಟ ಯೋಜನೆಗಾಗಿ ರೈತರೂ ಮಠದವರೂ ಒಂದಾಗಿ ದೀರ್ಘಕಾಲ ಹೋರಾಡಿದರು. ಸಕಲೇಶಪುರದ ಘಟ್ಟದಿಂದ ಪೂರ್ವದ ಜಿಲ್ಲೆಗಳಿಗೆ ಹೊರಟ ಎತ್ತಿನಹೊಳೆ ಕಾಲುವೆ ಬೇಲೂರು, ಅರಸೀಕೆರೆಗಳ ನೆಲದ ಮೇಲೆಯೇ ಸಾಗುತ್ತದೆ. 2024ರ ಸೆಪ್ಟೆಂಬರ್ 6ರಂದು ಅದರ ಮೊದಲ ಹಂತಕ್ಕೆ ಚಾಲನೆ ದೊರೆತಾಗ ಜಲಸಂಪನ್ಮೂಲ ಖಾತೆ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರರ ಕೈಯಲ್ಲಿದ್ದಿತು. ಉಪಮುಖ್ಯಮಂತ್ರಿ ಪದವಿಗೆ ಅರಸೀಕೆರೆಯ ರೈತನ ಕಣ್ಣಿನಲ್ಲಿ ಅರ್ಥ ಬರುವುದು ಇಂಥಲ್ಲಿ. ಕಾಲುವೆಯ ತೂಬಿನ ಮೇಲೆ ಅಧಿಕಾರವಿರುವ ಮಂತ್ರಿಯಾರೆಂದು ಅವನು ಮೊದಲು ಕೇಳುತ್ತಾನೆ. ಆ ಮಂತ್ರಿಯ ಕುಲವನ್ನು ಕೇಳುವುದು ಅನಂತರ.

ಫಲವಿಚಾರ

2023ರ ಮೇ 20ರಂದು ಸಿದ್ದರಾಮಯ್ಯನವರು ಎರಡನೆಯ ಬಾರಿ ಮುಖ್ಯಮಂತ್ರಿಗಳಾಗಿಯೂ ಕನಕಪುರದ ಶಿವಕುಮಾರರು ಏಕೈಕ ಉಪಮುಖ್ಯಮಂತ್ರಿಗಳಾಗಿಯೂ ಅಧಿಕಾರ ಸ್ವೀಕರಿಸಿದರು. ಆ ಚುನಾವಣೆಯಲ್ಲಿ ಕಾಂಗ್ರೆಸ್ 135 ಸ್ಥಾನ ಗಳಿಸಿ, ಜೆಡಿಎಸ್ 37ರಿಂದ 19ಕ್ಕೆ ಇಳಿದುದರಲ್ಲಿ ಹಳೆಯ ಮೈಸೂರಿನ ಒಕ್ಕಲಿಗ ಮತಗಳ ಒಂದು ಭಾಗ ಸರಿದುದು ಕಾರಣವೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಅಂಥ ಮತದಾರರಲ್ಲಿ ಅನೇಕರ ಮನಸ್ಸಿನಲ್ಲಿದ್ದುದು ಶಿವಕುಮಾರರು ಮುಖ್ಯಮಂತ್ರಿಯಾಗಬಹುದೆಂಬ ನಿರೀಕ್ಷೆ. ಉಪಮುಖ್ಯಮಂತ್ರಿ ಪದವಿ ಆ ನಿರೀಕ್ಷೆಯನ್ನು ಪೂರೈಸಲಿಲ್ಲ, ಮುಂದಕ್ಕೆ ತಳ್ಳಿತು. ನಾಯಕತ್ವದ ಪ್ರಶ್ನೆ ಆ ಸರ್ಕಾರದ ಉದ್ದಕ್ಕೂ ಮರಳಿ ಮರಳಿ ಏಳಲು ಇದೇ ಮೂಲ. 2024ರಲ್ಲಿ ಮಂತ್ರಿ ಕೆ.ಎನ್. ರಾಜಣ್ಣನವರು ಬೇರೆ ಸಮುದಾಯಗಳಿಂದಲೂ ಇನ್ನಷ್ಟು ಉಪಮುಖ್ಯಮಂತ್ರಿಗಳು ಬೇಕೆಂದು ಬಹಿರಂಗವಾಗಿ ಒತ್ತಾಯಿಸಿದರು. ಮಠಾಧೀಶರೂ ತಮ್ಮ ತಮ್ಮ ಸಮುದಾಯದ ನಾಯಕರ ಪರವಾಗಿ ದನಿಯೆತ್ತಿದರು.

ಲ್ಯಾಟಿನೊ ಎಂಬ ಒಂದು ಹೆಸರಿನಡಿ ಫ್ಲಾರಿಡಾದ ಕ್ಯೂಬನ್ನನೂ ಟೆಕ್ಸಾಸಿನ ಮೆಕ್ಸಿಕನ್ನನೂ ಬೇರೆ ಬೇರೆ ರೀತಿಯಲ್ಲಿ ಮತ ಹಾಕುವಂತೆ, ಲಿಂಗಾಯತರೆಂಬ ಹೆಸರಿನಡಿ ಪಂಚಮಸಾಲಿಯೂ ನೊಳಂಬನೂ ಗಾಣಿಗನೂ, ಪರಿಶಿಷ್ಟ ಜಾತಿಯೆಂಬ ಹೆಸರಿನಡಿ ಎಡಗೈಯವರೂ ಬಲಗೈಯವರೂ ತಂತಮ್ಮ ದಾರಿಯಲ್ಲಿ ನಡೆಯುತ್ತಾರೆ. ಒಬ್ಬ ವ್ಯಕ್ತಿಯಿಂದ ಇವರೆಲ್ಲರನ್ನೂ ಸೆಳೆಯಬಹುದೆಂಬ ಊಹೆ ಎರಡು ದೇಶಗಳಲ್ಲಿಯೂ ಸಮವಾಗಿ ದುರ್ಬಲ. ಹಾಗೆಂದು ಈ ಪದವಿ ನಿಷ್ಪ್ರಯೋಜಕವೆಂದು ಹೇಳುವಂತಿಲ್ಲ. ಕೃಷ್ಣ, ಪಟೇಲ್, ಸಿದ್ದರಾಮಯ್ಯ, ಯಡಿಯೂರಪ್ಪ ಈ ನಾಲ್ವರೂ ಉಪಮುಖ್ಯಮಂತ್ರಿಗಳಾಗಿದ್ದು ಅನಂತರ ಮುಖ್ಯಮಂತ್ರಿಗಳಾದವರು. ನಾಲ್ವರೂ ಆ ಸ್ಥಾನಕ್ಕೆ ಬರುವ ಮುನ್ನವೇ ಸ್ವಂತ ಬಲದ ನಾಯಕರಾಗಿದ್ದರು. ನಾಯಕನಾದವನಿಗೆ ಈ ಪದವಿ ಮೆಟ್ಟಿಲಾಗುತ್ತದೆ. ಪದವಿಯಿಂದಲೇ ನಾಯಕನಾದವರ ಉದಾಹರಣೆ ಕರ್ನಾಟಕದಲ್ಲಿಲ್ಲ.

ಶಿವಕುಮಾರರ ನೇಮಕದವರೆಗೆ ಈ ಪದವಿಯನ್ನು ಹೊಂದಿದ ಹನ್ನೆರಡು ಮಂದಿಯಲ್ಲಿ ನಾಲ್ವರು ಒಕ್ಕಲಿಗರು, ನಾಲ್ವರು ಲಿಂಗಾಯತರು, ಇಬ್ಬರು ಕುರುಬರು, ಇಬ್ಬರು ಪರಿಶಿಷ್ಟ ಜಾತಿಯವರು. 2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆಯಲ್ಲಿ ಶೇಕಡಾ 13ರಷ್ಟಿರುವ ಮುಸಲ್ಮಾನರಿಂದಾಗಲಿ, ಶೇಕಡಾ 7ರಷ್ಟಿರುವ ಪರಿಶಿಷ್ಟ ಪಂಗಡಗಳಿಂದಾಗಲಿ ಒಬ್ಬರೂ ಅವರಲ್ಲಿಲ್ಲ. ಮಹಿಳೆಯರೂ ಒಬ್ಬರಿಲ್ಲ.